ಕ್ಲೌದಿಯೋ ಅಂದರೇನು

ನನ್ನ ಹೆಸರು ಸಾಕವ್ವ. ನಮ್ಮವ್ವನಿಗೆ ಸಾಲಾಗಿ ಹೆಣ್ಣು ಹುಟ್ಟಿದ ಮೇಲೆ ನನ್ನ ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಬೇಸರದಲ್ಲೇ ಇಟ್ಟ ಹೆಸರು ಅದು. ಬೇಸರದಲ್ಲಿ ಇಟ್ಟರೂ ನನಗೆ ಅದರಿಂದ ಒಳ್ಳೆಯದೇ ಆಯಿತು. ನನ್ನ ಖಾನಾವಳಿಯಲ್ಲಿ ಸಾರು ಯಾವತ್ತೂ ಸಾಲದೆ ಬಂದಿಲ್ಲ, ಉಳಿದು ಹಳಸಿಯೂ ಇಲ್ಲ. ದಾರಿಹೋಕ ಒಬ್ಬನೇ ಬರಲಿ, ಮದುವೆಯ ದಿಬ್ಬಣವೇ ಬಂದು ಕೂರಲಿ, ಕೊನೆಯವನ ಹೊಟ್ಟೆ ತುಂಬುವ ಹೊತ್ತಿಗೆ ಸರಿಯಾಗಿ ಪಾತ್ರೆಯ ತಳ ಕಾಣುತ್ತದೆ.

ನಮ್ಮ ಊರಿನಲ್ಲಿ ಹೆಸರು ಅಂದರೆ ಹೀಗೆ. ಇಟ್ಟದ್ದು ಹತ್ತುತ್ತದೆ. ಒಂದೇ ಸಲಕ್ಕಲ್ಲ, ಎಣ್ಣೆ ಬಟ್ಟೆಗೆ ಇಳಿದಂತೆ ಮೆಲ್ಲಗೆ. ಅದಕ್ಕೇ ನಮ್ಮಲ್ಲಿ ದೊಡ್ಡ ದೊಡ್ಡ ಹೆಸರು ಇಡುವ ಚಪಲ ಯಾರಿಗೂ ಇಲ್ಲ. ಹೊರಗಿನಿಂದ ಬಂದು ನೆಲೆಸಿದ ಮಾಸ್ತರರೊಬ್ಬರು ಮಗನಿಗೆ ಸಾಗರ ಎಂದು ಹೆಸರಿಟ್ಟೇ ಬಂದಿದ್ದರು. ಅವನ ಹಾಸಿಗೆ ಒಣಗಿಸುವುದರಲ್ಲೇ ಅವರ ಹೆಂಡತಿಯ ಅರ್ಧ ಆಯುಷ್ಯ ಹೋಯಿತು. ಮೇಲಿನ ಓಣಿಯಲ್ಲಿ ಒಬ್ಬರು ಆಸೆಯಿಂದ ಮಗಳಿಗೆ ಕೋಗಿಲೆ ಎಂದು ಇಟ್ಟರು. ಹಾಡುವುದೇನೋ ಚೆನ್ನಾಗಿ ಹಾಡುತ್ತಾಳೆ, ಆದರೆ ತನ್ನ ಮಕ್ಕಳನ್ನು ಬೆಳಿಗ್ಗೆ ಎದ್ದು ಪಕ್ಕದ ಮನೆಯಲ್ಲಿ ಬಿಟ್ಟು ಹೋಗುತ್ತಾಳೆ. ಇಂಥದ್ದನ್ನೆಲ್ಲ ನೋಡಿ ನೋಡಿ ನಾವು ಹೆಸರನ್ನು ಪಾತ್ರೆ ಕೊಂಡಂತೆ ಕೊಳ್ಳುತ್ತೇವೆ, ನಾಲ್ಕು ಕಡೆ ತಿರುಗಿಸಿ, ಬೆರಳಲ್ಲಿ ಬಡಿದು.

ನನ್ನ ಗಂಡನ ಹೆಸರು ಮೌನಪ್ಪ. ಮನೆಯಲ್ಲಿ ಜಗಳ ಆಗುವುದಿಲ್ಲ, ಆಗಬೇಕಾದರೆ ಎರಡೂ ಕಡೆಯ ಮಾತನ್ನು ನಾನೇ ಆಡಬೇಕು. ನಮಗೆ ಒಬ್ಬಳೇ ಮಗಳು. ಹುಟ್ಟಿದಾಗ ಅವಳ ಸೋದರತ್ತೆ ಬಹಳ ಯೋಚಿಸಿ ಹದವ್ವ ಎಂದು ಇಟ್ಟಳು. ಉಪ್ಪಿನಕಾಯಿಗೆ ಉಪ್ಪು, ರೊಟ್ಟಿಗೆ ಉರಿ, ಕೂಸಿಗೆ ಕಾಯಿಸಿದ ನೀರು, ಯಾವುದನ್ನೂ ಅವಳು ಎರಡನೇ ಸಲ ನೋಡುವುದಿಲ್ಲ. ಊರಿನ ಬಾಯಿಗೆ ನನ್ನ ಖಾನಾವಳಿ ಅಂದರೆ ಹದವ್ವನ ಕೈ. ನನಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ.

ಕ್ಲೌದಿಯೋ ಬಂದದ್ದು ಬಿಸಿಲಿನ ಕಾಲದ ಒಂದು ಮಧ್ಯಾಹ್ನ. ಎತ್ತರದ ಆಳು, ಬೆನ್ನಿಗೆ ದೊಡ್ಡ ಚೀಲ, ಕೆಂಪಗೆ ಸುಟ್ಟ ಮೂಗು. ಬೂಟುಗಳು ಬಾಯಿ ಬಿಟ್ಟುಕೊಂಡಿದ್ದವು. ಇಟಲಿ ಅನ್ನುವ ದೇಶದಿಂದ ನಡೆಯುತ್ತ ಹೊರಟವನಂತೆ, ನಡುವೆ ಸಮುದ್ರ ಬಂದಲ್ಲಿ ಮಾತ್ರ ಹಡಗು ಹತ್ತಿದನಂತೆ. ಬಾಗಿಲಲ್ಲಿ ನಿಂತು ಕೈ ಮುಗಿದು, “ಅವ್ವಾರ, ಊಟ ಐತೇನ್ರಿ?” ಎಂದ. ನಮ್ಮ ಮಾತನ್ನು ಅವನು ಲಾರಿ ಓಡಿಸುವವರ ಹತ್ತಿರ ಕಲಿತಿದ್ದ. ಹಾಗಾಗಿ ಎಣ್ಣೆಗಾಯಿ ತಿಂದು ಅದನ್ನು ಹೊಗಳಲು ಅವನು ಬಳಸಿದ ಮಾತು ಊಟಕ್ಕೆ ಕೂತವರ ಮುಂದೆ ಆಡುವಂಥದ್ದಾಗಿರಲಿಲ್ಲ. ಮೌನಪ್ಪ ರೊಟ್ಟಿಯ ಬುಟ್ಟಿ ಕೈಬಿಟ್ಟ. ಹದವ್ವ ನಗು ತಡೆಯಲಾರದೆ ಒಳಗೆ ಓಡಿದಳು.

“ತಪ್ಪು ಅಂದ್ನೇನ್ರಿ?” ಎಂದ ಅವನು, ಗಾಬರಿಯಾಗಿ.

“ಏನಿಲ್ಲಪಾ. ಅರ್ಥ ಸರಿ ಐತಿ, ಜಾಗ ತಪ್ಪೈತಿ. ಉಣ್ಣು” ಎಂದೆ.

ಬೂಟುಗಳಿಗೆ ಹೊಸ ತಳ ಹಾಕಲು ಚಮ್ಮಾರರು ಒಂದಿಷ್ಟು ದಿನ ಕೇಳಿದರು. ಅಲ್ಲಿಯವರೆಗೆ ಬರಿಗಾಲಲ್ಲಿ ಎಲ್ಲಿ ಹೋಗುತ್ತಾನೆ? ನಮ್ಮ ಪಡಸಾಲೆಯಲ್ಲೇ ಉಳಿದ. ಉಳಿದವನು ಸುಮ್ಮನೆ ಕೂರಲಿಲ್ಲ. ಹದವ್ವ ದೊಡ್ಡ ಹಂಡೆಯಲ್ಲಿ ಜೋಳದ ನುಚ್ಚು ತಿರುವುವುದನ್ನು ನೋಡಿದ್ದೇ ತಡ, ಅವಳ ಕೈಯಿಂದ ಕಟ್ಟಿಗೆಯ ಹುಟ್ಟು ಕಸಿದುಕೊಂಡ. ಅವರ ಮನೆಯಲ್ಲಿ ಅವನ ಅಜ್ಜ ಮೆಕ್ಕೆಜೋಳದ ಹಿಟ್ಟನ್ನು ತಾಮ್ರದ ಪಾತ್ರೆಯಲ್ಲಿ ಹೀಗೇ ತಿರುವುತ್ತಿದ್ದನಂತೆ, ಹೆಣ್ಣುಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲವಂತೆ. ಬೂಟು ಸಿದ್ಧವಾಗಿ ಬಂತು. ಅದು ಬಾಗಿಲ ಹಿಂದೆ ಧೂಳು ತಿನ್ನತೊಡಗಿತು. ಕ್ಲೌದಿಯೋ ನುಚ್ಚು ತಿರುವುತ್ತಲೇ ಇದ್ದ, ಹದವ್ವ ಪಕ್ಕದಲ್ಲಿ ಕೂತು ಅವನ ಲಾರಿಯ ಮಾತುಗಳನ್ನು ಒಂದೊಂದಾಗಿ ತಿದ್ದುತ್ತಿದ್ದಳು. ನಾನು ಕುರುಡಿಯಲ್ಲ. ಅದರಲ್ಲಿ ಕೆಟ್ಟದ್ದೇನೂ ಇಲ್ಲದ್ದರಿಂದ ಕಂಡೂ ಕಾಣದವಳಂತೆ ಇದ್ದೆ.

ಹೊರಗಿನವರು ಒಂದು ಅಮಾವಾಸ್ಯೆ ದಾಟಿ ಉಳಿದರೆ ಊರ ಕಟ್ಟೆಯ ಮೇಲೆ ತಮ್ಮ ಹೆಸರಿನ ಅರ್ಥ ಹೇಳಬೇಕು, ಅದು ನಮ್ಮ ಪದ್ಧತಿ. ಕಟ್ಟೆಯ ಹಿರಿಯರು ತೂಕಪ್ಪನವರು. ಅವರ ಮಾತಿಗೂ ತೂಕ, ಅವರಿಗೂ ತೂಕ. ಒಮ್ಮೆ ಕಟ್ಟೆಯ ಮೇಲೆ ಕೂತರೆ ಊಟವನ್ನು ಅಲ್ಲಿಗೇ ಕಳಿಸುತ್ತೇವೆ.

“ಹೆಸರೇನಪಾ?” ಎಂದರು ಅವರು.

“ಕ್ಲೌದಿಯೋ ರೀ.”

“ಅಂದ್ರ?”

“ಅಂದ್ರ ನಾನ ರೀ.”

“ನೀನ ಅನ್ನೋದು ಕಣ್ಣಿಗೆ ಕಾಣತೈತಿ. ಹೆಸರಿನ ಅರ್ಥ ಕೇಳೀನಿ.”

ಅವನು ತಲೆ ಕೆರೆದುಕೊಂಡ. “ಅರ್ಥ ಏನಿಲ್ರಿ. ಅಜ್ಜನ ಹೆಸರು. ಅಪ್ಪನ ಅಪ್ಪ. ನಮ್ಮ ಕಡೆ ಮೊದಲನೇ ಮಗಗ ಅಜ್ಜನ ಹೆಸರು ಇಡ್ತಾರ್ರಿ.”

“ಅಜ್ಜಗ ಎಲ್ಲಿಂದ ಬಂತು?”

“ಅವನ ಅಜ್ಜಂದ ರೀ.”

ಕಟ್ಟೆಯ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. “ಅಯ್ಯ ಶಿವನ, ಇಡೀ ವಂಶಕ್ಕ ಒಂದ ಅಂಗಿ! ಒಳಗ ಏನೈತಿ ಅಂತ ಒಬ್ಬರೂ ಝಾಡಿಸಿ ನೋಡಿಲ್ಲ!” ಎಂದಳು ಸಿರಿಯವ್ವ. ನಮ್ಮ ಎದುರಿನ ಬಟ್ಟೆ ಅಂಗಡಿಯವಳು ಅವಳು. ಹೆಸರಿಗೆ ತಕ್ಕಂತೆ ಕೈತುಂಬ ಬಳೆ, ಮನೆತುಂಬ ಸಾಮಾನು, ಮಾತಿನಲ್ಲಿ ಮಾತ್ರ ಜಿಪುಣತನವಿಲ್ಲ.

ಅರ್ಥ ಗೊತ್ತಿಲ್ಲದಿದ್ದರೆ ನೋಡಿ ತಿಳಿಯಬೇಕು ಎಂದು ತೀರ್ಮಾನವಾಯಿತು. ಊರಿಗೆ ಊರೇ ಅವನನ್ನು ನೋಡುವುದಕ್ಕೆ ನಿಂತಿತು. ಉದ್ದ ಇದ್ದಾನೆ, ಹೆಸರಿನ ಅರ್ಥ ಬಿದಿರು ಇರಬಹುದು ಎಂದರು ಕೆಲವರು. ರೊಟ್ಟಿ ಎಂದರೆ ಬಿಡುವುದಿಲ್ಲ, ಅರ್ಥ ಹೊಟ್ಟೆ ಇರಬಹುದು ಎಂದರು ಇನ್ನು ಕೆಲವರು. ಕೊನೆಗೆ ತೂಕಪ್ಪನವರು ಹೇಳಿದರು: ಇಷ್ಟು ದೂರವನ್ನು ಕಾಲಲ್ಲಿ ಅಳೆದು ಬಂದವನ ಹೆಸರಿಗೆ ನಡೆಯುವವನು ಎಂದಲ್ಲದೆ ಬೇರೆ ಅರ್ಥ ಹೇಗಿದ್ದೀತು? ಎಲ್ಲರಿಗೂ ಒಪ್ಪಿಗೆಯಾಯಿತು. ನಮ್ಮೂರಿನವರು ಮಾತ್ರ ಮಾಡಬಹುದಾದ ತಪ್ಪು ಅದು. ಮನುಷ್ಯ ಹೇಗಿದ್ದಾನೋ ಹಾಗೆಯೇ ಹೆಸರು ಎಂದು ನಂಬಿ ಬೆಳೆದವರು ನಾವು. ಅವನ ದೇಶದಲ್ಲಿ ಹೆಸರು ಒಂದು ಕಡೆ, ಮನುಷ್ಯ ಒಂದು ಕಡೆ ಇರಬಹುದೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

ನಡೆಯುವವನು ಎಂದು ಗೊತ್ತಾದ ಮೇಲೆ ಸಿರಿಯವ್ವ ಅವನಿಗೆ ಮಜ್ಜಿಗೆ ಕೊಡಲು ಶುರು ಮಾಡಿದಳು. ಸಂತೆಯಿಂದ ಸಂತೆಗೆ ಸೀರೆ ಹೊತ್ತು ನಡೆಯುವ ಅಳಿಯ ಅವಳಿಗೆ ಬೇಕಾಗಿದ್ದ. ಅವಳಿಗೂ ಮದುವೆಗೆ ಬಂದ ಮಗಳಿದ್ದಳು, ಚೆಲುವಿ. ಆ ಹುಡುಗಿಯ ಹೆಸರು ಎಷ್ಟು ಚೆನ್ನಾಗಿ ಹತ್ತಿತ್ತೆಂದರೆ ಅವಳು ಓಣಿಯಲ್ಲಿ ಹೊರಟರೆ ಬಾವಿಕಟ್ಟೆಯಲ್ಲಿ ಕೊಡಗಳು ಒಡೆಯುತ್ತಿದ್ದವು.

ಮುಂದಿನ ಹುಣ್ಣಿಮೆಯ ಹೊತ್ತಿಗೆ ಕ್ಲೌದಿಯೋನ ಎಡಗಾಲು ಎಳೆಯತೊಡಗಿತು. ಮೊದಲು ಬೂಟಿನ ತಪ್ಪು ಎಂದು ಚಮ್ಮಾರರನ್ನು ಬೈದೆವು. ಆಮೇಲೆ ಮುಳ್ಳು ಎಂದು ಹುಡುಕಿದೆವು. ಮೂಳೆ ಕಟ್ಟುವವರು ಎಣ್ಣೆ ಹಚ್ಚಿ ನೀವಿ ನೋಡಿ, “ಕಾಲು ಕಬ್ಬಿಣ ಇದ್ದಂಗ ಐತಿ, ನನಗೇನ ತಿಳೀವಲ್ದು” ಎಂದು ಎದ್ದು ಹೋದರು. ನೋವೂ ಇಲ್ಲ, ಬಾವೂ ಇಲ್ಲ. ಒಂದು ಹೆಜ್ಜೆ ನೆಟ್ಟಗೆ ಬೀಳುತ್ತದೆ, ಇನ್ನೊಂದು ಹಿಂದೆ ಉಳಿದು ಎಳೆದುಕೊಂಡು ಬರುತ್ತದೆ.

ಹದವ್ವ ಅವನ ಕೈ ಹಿಡಿದು ಊರಾಚೆಯ ಹಳ್ಳಕ್ಕೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ. ನಮ್ಮ ಊರಿನ ಗಡಿ ಆ ಹಳ್ಳ. ಕಲ್ಲಿನ ಮೇಲೆ ಕಾಲಿಡುತ್ತ ಅವನು ಆಚೆ ದಡಕ್ಕೆ ಹೋದ, ಅಲ್ಲಿ ಜಿಂಕೆಯಂತೆ ನಡೆದ. ಈಚೆ ಬಂದ, ಕುಂಟಿದ. ಮತ್ತೆ ಆಚೆ ಹೋದ, ನೆಟ್ಟಗೆ. ಈಚೆ ಬಂದ, ಕುಂಟು.

“ಅವ್ವಾ, ಇದು ಕಾಲಿನ ಜಡ್ಡಲ್ಲ. ಹೆಸರಿಂದು” ಎಂದಳು ಹದವ್ವ.

ಅವತ್ತೇ ಖಾನಾವಳಿಯ ಫೋನಿನಿಂದ ಅವನ ದೊಡ್ಡಮ್ಮನ, ಅಂದರೆ ಅವನ ತಾಯಿಯ ಅಕ್ಕನ, ಜೊತೆ ಮಾತಾಡಿಸಿದೆವು. ಆಕೆ ಹಳೆಯ ಪುಸ್ತಕಗಳನ್ನು ಓದಿದವರಂತೆ. ಅವನು ಕೇಳಿದ, ಆ ಕಡೆಯಿಂದ ದೊಡ್ಡದಾಗಿ ನಗು ಕೇಳಿಸಿತು, ಆಮೇಲೆ ಉದ್ದನೆಯ ಮಾತು. ಅವನು ಫೋನ್ ಕೆಳಗಿಟ್ಟು ಹಂಡೆಯ ಕಡೆ ತಿರುಗಿ ಹುಟ್ಟು ಕೈಗೆತ್ತಿಕೊಂಡ.

“ಏನಂದ್ರು?” ಎಂದೆ.

“ಕುಂಟ ಅಂತ್ರಿ.”

“ಏನು?”

“ಕ್ಲೌದಿಯೋ ಅಂದ್ರ ಕುಂಟ. ರೋಮ್ ಅನ್ನೋ ಊರಾಗ ಭಾಳ ಹಿಂದ ಒಂದು ದೊಡ್ಡ ಮನೆತನ ಇತ್ತಂತ. ಆ ಮನೆತನದ ಹೆಸರಿಗೆ ಕುಂಟರು ಅಂತ ಅರ್ಥ. ಮೊದಲು ಯಾರೋ ಒಬ್ಬಾಂವ ಕುಂಟ ಇದ್ದಿರಬೇಕು ಅಂತಾಳ. ಆ ಹೆಸರಿನ ರಾಜಾನೂ ಒಬ್ಬಾಂವ ಆಗಿ ಹೋದ, ಅಂವನೂ ಕುಂಟತಿದ್ದ. ಆಮ್ಯಾಲ ಆ ಭಾಷಾನ ಯಾರೂ ಮಾತಾಡಲಿಲ್ಲ, ಅರ್ಥ ಮರತು ಹೋತು, ಹೆಸರು ಉಳೀತು. ದೊಡ್ಡಮ್ಮ ಅಂದ್ಲು, ‘ಇಷ್ಟೂ ಗೊತ್ತಿಲ್ಲೇನೋ ಕತ್ತಿ, ನಿಮ್ಮಜ್ಜಗೂ ಹೇಳಿದ್ದೆ, ಅಂವಾ ಅವತ್ತ ಕುಂಟಿಕೋತ ಕುಣದು ತೋರಿಸಿದ್ದ’ ಅಂತ.”

ನನಗೆ ನಗು ಬಂತು. ಹದವ್ವನ ಕಡೆ ನೋಡಿ ನುಂಗಿಕೊಂಡೆ.

ತೂಕಪ್ಪನವರು ವಿಷಯ ಕೇಳಿ ತಮ್ಮ ಮಾತು ಸುಳ್ಳಾದದ್ದಕ್ಕೆ ಸ್ವಲ್ಪ ಹಗುರಾದರು. ಕಟ್ಟೆಯ ಕಲ್ಲೂ ಅಷ್ಟು ಕಿರುಗುಟ್ಟಲಿಲ್ಲ. “ಹಳ್ಳ ದಾಟಿ ಹೋದ್ರ ಕಾಲು ನಿಂದ. ಇಲ್ಲೇ ಇರ್ತೀನಿ ಅಂದ್ರ ತೊಟ್ಟಿಲ ಶಾಸ್ತ್ರ ಮಾಡಿ ಹೆಸರು ಬದಲಿಸಿಕೋಬೇಕು. ಹೆಂಗ ಅದೀನೋ ಹಂಗ ಇರ್ತೀನಿ ಅಂದ್ರ ಕಾಲು ಹಿಂಗ ಎಳೀತೈತಿ, ಸಾಯೋತನಕ. ಉಗಾದಿ ಒಳಗ ಹೇಳು” ಎಂದರು.

ಹದವ್ವ ಅವನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದಳು. “ನೀ ಹೋಗು. ನಡದು ಬದುಕಿದಾಂವ, ನನ್ನ ಸಲುವಾಗಿ ಕುಂಟಬ್ಯಾಡ.”

“ನಡಿಯೋದು ನನಗ ಇಷ್ಟ ಅಂತ ಯಾರಂದ್ರು?” ಎಂದ ಅವನು. “ಎಲ್ಲೂ ಊಟ ಸರಿ ಇರಲಿಲ್ಲ. ಅದಕ್ಕ ಮುಂದ ಮುಂದ ಹೋದೆ.”

ಅವಳು ನಗಲಿಲ್ಲ. ಆಮೇಲೂ ನುಚ್ಚಿನ ಹದ ಕೆಡಲಿಲ್ಲ, ಆದರೆ ಬಡಿಸಿದವಳೇ ಅದನ್ನು ಮುಟ್ಟುತ್ತಿರಲಿಲ್ಲ. ಅವಳು ಕರಗುವುದನ್ನು ನಾನು ನೋಡುತ್ತಿದ್ದೆ. ಅವನು ಹೋದರೂ ಕರಗುತ್ತಾಳೆ, ಕುಂಟುತ್ತ ಉಳಿದರೂ ಅದು ತನ್ನ ತಪ್ಪೆಂದು ಕರಗುತ್ತಾಳೆ. ಹೆಸರು ಬದಲಿಸುವುದೇ ದಾರಿ ಎಂದು ನಾನು ಗಟ್ಟಿ ಮಾಡಿಕೊಂಡೆ.

ಆದರೆ ಹೆಸರಿಡಲು ಸೋದರತ್ತೆ ಬೇಕು. ಅವನ ತಂದೆ ಒಬ್ಬನೇ ಮಗ, ಅಕ್ಕತಂಗಿ ಇಲ್ಲ. ಊರಿನ ಯಾರಾದರೂ ಆ ಜಾಗದಲ್ಲಿ ನಿಲ್ಲಬೇಕು. ತೂಕಪ್ಪನವರು ಅದನ್ನು ಹೇಳಿ ಬಾಯಿ ಮುಚ್ಚುವುದರೊಳಗೆ ಸಿರಿಯವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನಾ ನಿಲ್ತೀನ್ರಿ. ಪಾಪ, ದಿಕ್ಕಿಲ್ಲದ ಹುಡುಗ.”

ನನಗೆ ಒಂದು ಗಳಿಗೆ ಅವಳ ಮೇಲೆ ಗೌರವವೇ ಬಂತು. ಮರುಗಳಿಗೆ ಲೆಕ್ಕ ಹೊಳೆಯಿತು. ಸೋದರತ್ತೆ ಆದವಳ ಮಗಳು ಅವನಿಗೆ ಏನಾಗುತ್ತಾಳೆ? ಕೊಟ್ಟು ತರುವ ಸಂಬಂಧ! ಚೆಲುವಿಯ ಹಕ್ಕು ಮೊದಲಾಗುತ್ತದೆ. ನಾಳೆ ಊರೇ ನಿಂತು, ಸೋದರತ್ತೆಯ ಮಗಳು ಮನೆಯಲ್ಲಿರುವಾಗ ಹೊರಗಿನ ಹೆಣ್ಣೇಕೆ ಎನ್ನುತ್ತದೆ.

“ಯಾಕ, ನಾ ಸತ್ತೀನೇನು?” ಎಂದು ನಾನೂ ಮುಂದೆ ಬಂದೆ. “ಬಂದ ದಿನದಿಂದ ಉಣಿಸಿದಾಕಿ ನಾನು.”

“ಮಜ್ಜಿಗಿ ಕೊಟ್ಟಾಕಿ ನಾನು!”

“ನಿನ್ನ ಮಜ್ಜಿಗ್ಯಾಗ ಮಾರಿ ಕಾಣತಿತ್ತು, ಸಿರಿಯವ್ವ. ಅದಕ್ಕ ನೀರು ಅಂತಾರ.”

“ಕುಂಟಗ ಮಗಳನ್ನ ಕೊಡಾಕ ಇಷ್ಟು ಅವಸರ ಏನ ನಿನಗ?”

“ನಡೀತಾನ ಅಂದಾಗ ಓಡಿ ಬಂದ್ಯಲ್ಲ ನೀನು? ಆವಾಗ ಅವಸರ ಯಾರದಿತ್ತು?”

ತೂಕಪ್ಪನವರು ಕೈ ಎತ್ತಿದರು. ಅವರು ಕೈ ಎತ್ತುವುದೇ ಅಪರೂಪ, ಇಳಿಸುವಾಗ ಕಷ್ಟವಾಗುತ್ತದೆ. ಊರೊಳಗೆ ಕಾಲಿಟ್ಟು ಮೊದಲು ಯಾರ ಮನೆಯ ಉಪ್ಪು ತಿಂದನೋ ಆ ಮನೆಯವಳೇ ಸೋದರತ್ತೆ ಎಂದರು. ಸಿರಿಯವ್ವ ಗೊಣಗುತ್ತ ಹಿಂದೆ ಸರಿದಳು. ಕ್ಲೌದಿಯೋಗೆ ಏನಾಯಿತೆಂದು ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದ ಮೇಲೆ ಅವನು ಕಿವಿಯವರೆಗೂ ಕೆಂಪಾಗಿ, “ಹಂಗಾದ್ರ ನೀವು ನನಗ ಅತ್ತಿ?” ಎಂದ. “ಎರಡೂ ಕಡಿಂದ” ಎಂದೆ.

ಶಾಸ್ತ್ರದ ಹಿಂದಿನ ದಿನ ಮಧ್ಯಾಹ್ನ ನಾನೂ ಕ್ಲೌದಿಯೋನೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಹೊಸ ಹೆಸರಿನ ಚರ್ಚೆ ಅಷ್ಟು ಹೊತ್ತಿಗೆ ಊರೆಲ್ಲ ಆಗಿತ್ತು. ಗಾಳೆಪ್ಪ ಎಂದರೆ ಛಾವಣಿ ಹಾರುತ್ತದೆ, ಕಂಬಣ್ಣ ಎಂದರೆ ನಿಂತಲ್ಲೇ ನಿಲ್ಲುತ್ತಾನೆ, ಗಟ್ಟಿಯಪ್ಪ ಎಂದರೆ ಬಗ್ಗಿ ನೀರು ಕುಡಿಯಲೂ ಬರುವುದಿಲ್ಲ. ಕೊನೆಗೆ ನಾನು ಆರಿಸಿದ್ದು ಸರಾಗಪ್ಪ. ಸಲೀಸಾಗಿ ನಡೆಯಲಿ, ಸಲೀಸಾಗಿ ಬಾಳಲಿ. ಯಾವ ಕಡೆಯಿಂದ ಬಡಿದರೂ ಕೊಂಕಿಲ್ಲದ ಹೆಸರು.

“ಚಂದ ಐತ್ರಿ” ಎಂದ ಅವನು, ಶೇಂಗಾದ ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ಕಸಕ್ಕೂ ಹಾಕುತ್ತ.

“ಕಾಳು ನೋಡಿ ಹಾಕು. ಏನಾಗೈತಿ ನಿನಗ?”

“ಅಜ್ಜ ಸಾಯೋ ದಿನ ‘ಕ್ಲೌದಿಯೋ’ ಅಂದ್ರಿ. ನಾ ಅಂಗಳದಾಗ ಇದ್ದೆ, ಓಡಿ ಹೋದೆ. ನನ್ನ ಕರದನೋ, ತನ್ನ ಹೆಸರು ತಾನ ಹೇಳಿಕೊಂಡನೋ, ಗೊತ್ತಾಗಲಿಲ್ಲ. ಹೋಗಿ ಕೈ ಹಿಡಕೊಂಡೆ. ಇಬ್ಬರದೂ ಅದ ಹೆಸರು, ಯಾರನ್ನ ಕರದ್ರೇನು ಅಂತ.” ಕಸದೊಳಗಿನ ಕಾಳನ್ನು ಆರಿಸುತ್ತ ಮತ್ತೆ ಹೇಳಿದ, “ಈಗ ಆ ಮನ್ಯಾಗ ಬ್ಯಾರೆ ಕ್ಲೌದಿಯೋ ಇಲ್ರಿ.”

“ಕಾಲು ದಿನಾ ಬೇಕಾಗತೈತಿ, ತಮ್ಮಾ. ಅಜ್ಜ ವರ್ಷಕ್ಕೊಮ್ಮೆ ನೆನಪಾದ್ರ ಸಾಕು” ಎಂದೆ. ಮಾತು ಸರಿಯಾಗಿಯೇ ಇತ್ತು. ಬಾಯಿಂದ ಹೊರಗೆ ಬಂದ ಮೇಲೆ ಒಣ ರೊಟ್ಟಿಯಂತೆ ಅಲ್ಲೇ ಬಿದ್ದಿತ್ತು. ಅವನು ತಲೆಯಾಡಿಸಿ, “ಹದವ್ವ ಉಣ್ಣವಲ್ಲಳು ರೀ. ಆಕಿ ಉಂಡ್ರ ಸಾಕು. ಮಾಡ್ರಿ” ಎಂದ.

ಅಷ್ಟು ದೊಡ್ಡ ಗಂಡಸನ್ನು ಹಿಡಿಸುವ ತೊಟ್ಟಿಲು ಊರಲ್ಲಿ ಇರಲಿಲ್ಲ. ಕಟ್ಟೆಯ ಬೇವಿನ ಕೊಂಬೆಗೆ ಹಗ್ಗ ಹಾಕಿ ಒಂದು ಹೊರಸುಮಂಚವನ್ನು ನೇತುಹಾಕಿ, ಮೇಲೆ ಕೌದಿ ಹಾಸಿದರು. ಕ್ಲೌದಿಯೋ ಮೊಣಕಾಲು ಮಡಚಿ ಮಲಗಿದರೂ ಪಾದಗಳು ಹೊರಗೆ ಉಳಿದವು. ಚೆಲುವಿಗೆ ನಗು, ಮಕ್ಕಳಿಗೆ ನಗು, ಅವನಿಗೂ ನಗು. ಮುತ್ತೈದೆಯರು ಸುತ್ತ ನಿಂತು ಜೋಗುಳ ಹಾಡಿದರು. ಗಡ್ಡದ ಕೂಸಿಗೆ ದೃಷ್ಟಿಬೊಟ್ಟು ಇಟ್ಟರು. ನಮ್ಮ ಕಡೆ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವಾಗ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅದು ತಮಾಷೆಯ ಶಾಸ್ತ್ರ. ಸಿರಿಯವ್ವ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ನನ್ನ ಹಿಂದೆಯೇ ಬಂದು ನಿಂತದ್ದನ್ನು ನೋಡಿದೆ. ಹದವ್ವ ದೂರದಲ್ಲಿ ಅಪ್ಪನ ಪಕ್ಕ ನಿಂತಿದ್ದಳು.

ನಾನು ಬಾಗಿದೆ. ಅವನು ಕಣ್ಣು ಮುಚ್ಚಿಕೊಂಡಿದ್ದ. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಏನೆಂದು ತಿಳಿಯಲು ಕಷ್ಟವಿರಲಿಲ್ಲ. ಮನೆಗೆ ಬೀಗ ಹಾಕಿದ ಮೇಲೂ ಒಮ್ಮೆ ಜಗ್ಗಿ ನೋಡುತ್ತೇವಲ್ಲ, ಹಾಗೆ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದ. ನಾನು ಬಾಳೆಲ್ಲ ಬಡಿಸಿದವಳು. ಎಲೆಯ ಮುಂದೆ ಕೂತವನ ಮುಖ ನೋಡಿದರೆ ಹೊಟ್ಟೆ ತುಂಬಿತೋ ಇಲ್ಲವೋ ನನಗೆ ತಿಳಿಯುತ್ತದೆ. ಅದು ಹಸಿದವನ ಮುಖ. ಆ ಹಸಿವನ್ನು ನನ್ನ ಮನೆಗೆ ಅಳಿಯನಾಗಿ ತಂದುಕೊಂಡರೆ ಯಾವ ಹಂಡೆಯಿಂದ ತುಂಬಿಸಲಿ?

ಜೋಗುಳದ ಗದ್ದಲದಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. “ಖರೆ ಹೇಳು. ಯಾವುದು ಹೇಳಲಿ?” ಎಂದು ಅವನ ಕಿವಿಯಲ್ಲಿ ಕೇಳಿದೆ.

ಅವನು ಕಣ್ಣು ಬಿಟ್ಟ. “ಅತ್ತೀ, ಕಾಲಿಗೆ ಒಂದು ಕೋಲು ಸಿಗತೈತಿ. ಅಜ್ಜಗ ಏನು ಕೊಡ್ಲಿ?”

“ಹದವ್ವನ ಚಿಂತಿ ನನಗ ಬಿಡು” ಎಂದೆ. ಆಮೇಲೆ ಉಸಿರು ಎಳೆದುಕೊಂಡು, “ಕುರ್ರ್, ಕ್ಲೌದಿಯೋ” ಎಂದೆ.

ಬೆನ್ನಿಗೆ ಗುದ್ದುಗಳು ಬಿದ್ದವು. ಸಿರಿಯವ್ವನದು ಯಾವುದೆಂದು ನೋಡದೆಯೇ ಗೊತ್ತಾಯಿತು. ನೆಟ್ಟಗಾಗಿ ನಿಂತು ಊರ ಕಡೆ ತಿರುಗಿ ಅದೇ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಜೋಗುಳ ನಿಂತಿತು.

“ಅರ್ಥ ಹೇಳಬೇಕು, ಸಾಕವ್ವ” ಎಂದರು ತೂಕಪ್ಪನವರು. ಧ್ವನಿ ಕಲ್ಲಿನಂತಿತ್ತು.

ಯೋಚಿಸಿದ್ದರೆ ಏನಾದರೂ ಚಂದದ ಸುಳ್ಳು ಹೊಳೆಯುತ್ತಿತ್ತೇನೋ. ಅಜ್ಜನ ಮೊಮ್ಮಗ ಎಂದೋ, ದೂರದ ನಂಟ ಎಂದೋ. ಆದರೆ ನಮ್ಮೂರಿನಲ್ಲಿ ಹೆಸರಿನ ವಿಷಯದಲ್ಲಿ ಸುಳ್ಳು ಹೇಳಿದರೆ ಅದರ ಫಲ ಉಣ್ಣಬೇಕಾದದ್ದು ಆ ಕೂಸು.

“ಅರ್ಥ ಕುಂಟ” ಎಂದೆ. “ಇದ್ದದ್ದು ಇದ್ದಂಗ ಹೇಳೀನಿ. ನನ್ನ ಸೋದರಳಿಯ ಕುಂಟ. ಊರಾಗ ಸಾಗರ ಅನ್ನಾಂವ ಒದ್ದಿ ಅಂಗಿ ಹಾಕ್ಕೊಂಡು ಸಂಸಾರ ಮಾಡಾಕ ಹತ್ಯಾನ. ನನ್ನ ಗಂಡ ಮಾತಾಡದ ಸಂಸಾರ ಮಾಡ್ಯಾನ. ಇಂವಾ ಕುಂಟಿಕೋತ ಮಾಡ್ತಾನ. ನನ್ನ ಹಂಡಿ ತಿರವಾಕ ಕೈ ಬೇಕು, ಕಾಲಲ್ಲ.”

“ತೊಟ್ಟಿಲ ಶಾಸ್ತ್ರ ಮಾಡಿ ಇದ್ದ ಹೆಸರನ್ನ ಇಡೋದು ಎಲ್ಯೂ ಕೇಳಿಲ್ಲ” ಎಂದಳು ಸಿರಿಯವ್ವ.

“ಇವತ್ತ ಕೇಳಿದ್ಯಲ್ಲ.”

ತೂಕಪ್ಪನವರು ಹೊರಸಿನಲ್ಲಿದ್ದವನ ಮುಖವನ್ನೊಮ್ಮೆ, ಹೊರಗೆ ಉಳಿದ ಪಾದಗಳನ್ನೊಮ್ಮೆ ನೋಡಿದರು. “ಅಂವಾ ಬಂದಾಗ ಅದು ಅಂವನ ಊರಿನ ಹೆಸರು” ಎಂದರು ಕೊನೆಗೆ. “ಈಗ ಸೋದರತ್ತಿ ಇಟ್ಟಾಳ, ಅಂವಾ ತಿಳದು ತಗೊಂಡಾನ. ಇನ್ನ ಅದು ನಮ್ಮ ಊರಿನ ಹೆಸರು. ಆತು.”

ನಾನು ಹದವ್ವನ ಹತ್ತಿರ ಹೋದೆ. ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. “ಕಾಲು ಹೋತಲ್ಲವ್ವ! ನನ್ನ ಸಲುವಾಗಿ ಅಂತ ಊರು ಅಂತೈತಿ.”

“ನಿನ್ನ ಸಲುವಾಗಿ ಅಲ್ಲ ಹುಚ್ಚಿ” ಎಂದೆ. “ಅಂವಾ ತನ್ನ ಅಜ್ಜನ ಸಲುವಾಗಿ ಕುಂಟತಾನ. ಅದರಾಗ ನಿನಗೇನೂ ಪಾಲಿಲ್ಲ. ನಿನ್ನ ಸಲುವಾಗಿ ಅಂವಾ ಮಾಡೋದು ನುಚ್ಚು ತಿರವೋದು ಅಷ್ಟ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಆ ಮಾತನ್ನು ಉಪ್ಪು ನೋಡಿದಂತೆ ಒಂದು ಗಳಿಗೆ ನೋಡಿದಳು. ಆಮೇಲೆ ಹೊರಸಿನ ಹತ್ತಿರ ಹೋಗಿ ಕೈ ಚಾಚಿದಳು. “ಕೆಳಗ ಇಳಿ. ಮೀಸಿ ಬಂದ ಕೂಸಿಗೆ ಎಷ್ಟು ತೂಗಬೇಕು?” ಎಂದಳು. ಅವನು ಅವಸರದಲ್ಲಿ ಒಂದೇ ಬದಿಗೆ ಭಾರ ಹಾಕಿದ. ಹೊರಸು ಮಗುಚಿ ಕೌದಿಯ ಸಮೇತ ಅವಳ ಕಾಲ ಬುಡಕ್ಕೆ ಬಿದ್ದ. ಅವತ್ತು ಅವಳು ಎರಡು ಸಲ ಬಡಿಸಿಕೊಂಡು ಉಂಡಳು.

ಮದುವೆ ಉಗಾದಿ ಆದ ಮೇಲೆ ಆಯಿತು. ನಮ್ಮಲ್ಲಿ ಮದುಮಕ್ಕಳನ್ನು ಕುದುರೆ ಮೇಲೆ ಕೂರಿಸುವುದಿಲ್ಲ, ಊರೆಲ್ಲ ನಡೆಸಿಕೊಂಡು ಹೋಗುತ್ತಾರೆ. ಕ್ಲೌದಿಯೋಗಾಗಿ ಗಾಡಿ ಕಟ್ಟೋಣ ಎಂದರು ಕೆಲವರು. ಅವನು ಬೇಡ ಎಂದ. ಹಲಗೆ ಬಾರಿಸುವವರು ರೂಢಿಯಂತೆ ಜೋರಾಗಿ ಶುರು ಮಾಡಿದರು, ಮೆರವಣಿಗೆ ಓಣಿಯ ತಿರುವಿಗೆ ಹೋಗುವುದರೊಳಗೆ ಮದುಮಕ್ಕಳು ಹಿಂದೆ ಉಳಿದರು. ನಿಂತರು, ಕಾದರು, ಮತ್ತೆ ಶುರು ಮಾಡಿದರು, ಮತ್ತೆ ಅದೇ. ಆಗ ಹಲಗೆಯವರಲ್ಲಿ ಹಿರಿಯನಾದವನು ಹಿಂದಕ್ಕೆ ಬಂದು, ತಲೆ ಬಗ್ಗಿಸಿ ಅವನ ಕಾಲುಗಳನ್ನೇ ನೋಡುತ್ತ ಸ್ವಲ್ಪ ದೂರ ಜೊತೆಗೆ ನಡೆದ. ಒಂದು ಹೆಜ್ಜೆ ಗಟ್ಟಿ, ಒಂದು ಎಳೆತ. ಗಟ್ಟಿ, ಎಳೆತ. ಕೋಲು ಎತ್ತಿ ಹಲಗೆಯ ಮೇಲೆ ಅದನ್ನೇ ಬಾರಿಸಿದ. ಉಳಿದವರು ಹಿಡಿದುಕೊಂಡರು.

ಅಂಥ ತಾಳವನ್ನು ನಮ್ಮೂರು ಕೇಳಿರಲಿಲ್ಲ. ಮೊದಲು ಮಕ್ಕಳು ಆ ತಾಳಕ್ಕೆ ಕಾಲು ಎಳೆದು ಹಾಕತೊಡಗಿದರು. ನಾನು ಬೈಯಬೇಕೆಂದು ತಿರುಗುವಷ್ಟರಲ್ಲಿ ನನ್ನ ಕಾಲೂ ಅದಕ್ಕೇ ಬೀಳುತ್ತಿತ್ತು. ಆ ತಾಳಕ್ಕೆ ಬೇರೆ ರೀತಿಯಲ್ಲಿ ನಡೆಯಲು ಬರುತ್ತಲೇ ಇರಲಿಲ್ಲ. ದಿಬ್ಬಣದ ಹಿಂದೆ ಯಾವಾಗಲೂ ಉಳಿದು ಊಟ ಮುಗಿದ ಮೇಲೆ ಬಂದು ಸೇರುತ್ತಿದ್ದ ಮುದುಕಿಯರು ಅವತ್ತು ನಡುವೆಯೇ ಇದ್ದರು, ಎಲೆಅಡಿಕೆ ಹಂಚಿಕೊಳ್ಳುತ್ತ. ಸಿರಿಯವ್ವ ತನ್ನ ಜರಿ ಸೀರೆಯಲ್ಲಿ ಒಂದು ಹೆಜ್ಜೆ ಗಟ್ಟಿ, ಒಂದು ಎಳೆತ ಹಾಕುತ್ತ ನನ್ನ ಪಕ್ಕಕ್ಕೆ ಬಂದಳು.

“ಸಾಕವ್ವ, ಹಿಂಗ ಹೋದ್ರ ಅಡಗಿ ಆರಿ ಹೋಗತೈತಲ್ಲ” ಎಂದಳು.

“ಹೋಗ್ಲಿ ಬಿಡು” ಎಂದೆ.

ಬೇವಿನ ಕಟ್ಟೆಯ ಹತ್ತಿರ ಬಂದಾಗ ನಾನು ಒಮ್ಮೆ ಹಿಂತಿರುಗಿ ನೋಡಿದೆ. ಓಣಿ ತುಂಬ ಜನ, ಎಲ್ಲರ ತಲೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಒಂದು ಬದಿಗೆ ಇಳಿಯುತ್ತಿದ್ದವು. ಅದರಲ್ಲಿ ಮದುಮಗ ಯಾರೆಂದು ಹುಡುಕಲು, ಸ್ವಂತ ಅತ್ತೆಯಾದ ನನಗೂ, ಬಾಸಿಂಗ ಹುಡುಕಬೇಕಾಯಿತು.